ತಿದ್ದಿದ ಹಚ್ಚೆಗೆ ಕೂಲಿ

ತುಕ್ಕಾನಟ್ಟಿಯ ದುಂಡಪ್ಪನ ಮನೆಯಲ್ಲಿ ರೊಟ್ಟಿ ಎಣಿಸಿ ಬಡಿಸುತ್ತಾರೆ ಎಂಬ ಮಾತು ಹುಕ್ಕೇರಿಯ ಒಂದು ಮದುವೆ ಪಂಕ್ತಿಯಲ್ಲಿ ಹುಟ್ಟಿ, ಗೋಕಾಕದ ಸಂತೆ ದಾಟಿ, ದುಂಡಪ್ಪನ ಹೆಂಡತಿ ಗೌರವ್ವನ ಕಿವಿಗೆ ಬಂದು ಮುಟ್ಟಿತು. ಆಡಿದವಳು ಬೇರೆ ಯಾರೂ ಅಲ್ಲ, ಸೊಸೆ ಸಾವಂತ್ರೆವ್ವನ ತಾಯಿ, ಕಣಗಲೆಯ ಯಲ್ಲವ್ವ. ಮಾತು ಸುಳ್ಳಾಗಿದ್ದರೆ ಗೌರವ್ವ ನಕ್ಕು ಬಿಡುತ್ತಿದ್ದಳೋ ಏನೋ. ಆದರೆ ಅದು ಯುದ್ಧದ ಕಾಲ. ಸರಕಾರದವರು ಲೆವ್ಹಿ ಎಂದು ಕಣದಲ್ಲಿಯೇ ಜೋಳ ಅಳೆಸಿಕೊಂಡು ಹೋಗುತ್ತಿದ್ದರು. ಗೌರವ್ವ ಖರೆಯಾಗಿಯೂ ರೊಟ್ಟಿ ಎಣಿಸುತ್ತಿದ್ದಳು. ಅದಕ್ಕೇ ಮಾತು ಮುಳ್ಳಿನಂತೆ ನಟ್ಟಿತು.

ಪಂಚಮಿಗೆ ತಂಗಿಯನ್ನು ಕರೆಯಲು ಬಂದ ಸಾವಂತ್ರೆವ್ವನ ಅಣ್ಣ ರಾಜಪ್ಪನನ್ನು ಗೌರವ್ವ ಅಂಗಳದಲ್ಲಿಯೇ ತಡೆದಳು.

"ನಮ್ಮ ಮನ್ಯಾಗ ರೊಟ್ಟಿ ಎಣಸ್ತಾರಪಾ. ನಿನ್ನ ಪಾಲಿಂದು ಒಂದೂ ಇಲ್ಲ. ನಿಮ್ಮವ್ವಗ ಹೇಳ ಹೋಗು."

"ಅವ್ವಗ ಆರಾಮಿಲ್ರಿ ಅತ್ತಿ. ಹೊಟ್ಟಿ ಬ್ಯಾನಿ ಅಂತ ಮಲಗ್ಯಾಳ. ಸಾವಂತ್ರಿನ್ನ ನೋಡಬೇಕಂತಾಳ."

"ಮದವ್ಯಾಗ ಮಂದಿ ಮುಂದ ಮಾತಾಡೂವಾಗ ಹೊಟ್ಟಿ ಬ್ಯಾನಿ ಇರಲಿಲ್ಲಾ?"

ರಾಜಪ್ಪ ನೀರೂ ಕುಡಿಯದೆ ತಿರುಗಿದ. ಈ ಹೊಸ್ತಿಲು ಇನ್ನು ತುಳಿಯುವುದಿಲ್ಲವೆಂದು ಓಣಿಯ ತುದಿಗೆ ನಿಂತು ಆಣೆ ಮಾಡಿ ಹೋದ. ಅಡಿಗೆ ಮನೆಯ ಬಾಗಿಲ ಹಿಂದೆ ನಿಂತಿದ್ದ ಸಾವಂತ್ರೆವ್ವನಿಗೆ ಉಳಿದದ್ದು ಹೊಟ್ಟೆ ಬೇನೆ ಎಂಬ ಒಂದೇ ಮಾತು. ಅದು ಎಂಥ ಬೇನೆ, ಅವ್ವ ಎದ್ದಳೋ ಇಲ್ಲವೋ, ಹೇಳುವವರಿಲ್ಲ.

ಆಮೇಲೆ ಅವಳಿಗೆ ಹಚ್ಚೆ ಹಾಕುವ ಶಂಕ್ರವ್ವನ ನೆನಪಾಯಿತು.

ಕೊರವರ ಶಂಕ್ರವ್ವನ ಗುಡಿಸಲು ಧುಪದಾಳದ ಒಡ್ಡಿನ ಬಾಜೂಕ ಇತ್ತು. ಸೂಜಿಯ ಬುಟ್ಟಿ ಹೊತ್ತು ಅವಳು ಒಂದು ಕಡೆ ಹುಕ್ಕೇರಿ, ಕಣಗಲೆ, ಇನ್ನೊಂದು ಕಡೆ ಗೋಕಾಕ, ಮೂಡಲಗಿ ಎಂದು ಊರೂರು ತಿರುಗುತ್ತಿದ್ದಳು. ಮದುವೆಗೆ ಮುಂಚೆ ಕಣಗಲೆಯಲ್ಲಿ ಸಾವಂತ್ರೆವ್ವನ ಮುಂಗೈಗೆ ತೊಟ್ಟಿಲು ಚುಚ್ಚಿದವಳು ಅವಳೇ. ಈ ಕೆಲಸಕ್ಕೆ ಅದರದೇ ಆದ ರೀತಿ ರಿವಾಜಿತ್ತು. ಮೊದಲ ಸಲದ ಕೂಲಿ ತವರಿನವರದು: ಮೊರದ ತುಂಬ ಜೋಳ, ಮೇಲೊಂದು ಕುಪ್ಪಸದ ಕಣ, ಎಲೆ ಅಡಿಕೆ. ಆಮೇಲೆ ಗೆರೆ ಮಾಸಿದರೆ, ಚುಕ್ಕೆ ಬಿಟ್ಟುಹೋದರೆ, ಚುಚ್ಚಿದವಳೇ ಬಂದು ತಿದ್ದಿ ಕೊಡಬೇಕು. ತಿದ್ದಿದ್ದಕ್ಕೆ ಕೂಲಿ ಕೇಳುವ ಹಾಗಿಲ್ಲ, ಕೊಡುವ ಹಾಗೂ ಇಲ್ಲ. ತಿದ್ದಿಸಿಕೊಂಡವಳು ತನ್ನ ಕೈಯಾರೆ ಒಂದು ಹೊತ್ತು ಉಣ್ಣಲು ಬಡಿಸಬೇಕು, ಅಷ್ಟೆ. ಊಟ ಹಾಕಿದರೆ ಬಳಕೆ ಉಳಿಯಿತು. ಜೋಳ ಅಳೆದು ಕೊಟ್ಟರೆ, ನಿನ್ನ ಕೈ ಚಲೋ ಇಲ್ಲ, ನಿನ್ನ ಋಣ ತೀರಿತು, ಇನ್ನು ಈ ಬಾಗಿಲಿಗೆ ಬರಬೇಡ ಎಂದು ಮುಖಕ್ಕೆ ಹೇಳಿದಂತೆ.

ಶ್ರಾವಣದಲ್ಲಿ ಶಂಕ್ರವ್ವ ಓಣಿಯಲ್ಲಿ ಕೂಗುತ್ತ ಹೋದಾಗ ಸಾವಂತ್ರೆವ್ವ ತೊಟ್ಟಿಲ ಒಂದು ಹಗ್ಗ ಮಾಸಿದ್ದನ್ನು ಅತ್ತೆಗೆ ತೋರಿಸಿದಳು. ಅದು ಖರೆಯಾಗಿ ಮಾಸಿತ್ತು. ಜೋಳ ಖರ್ಚಾಗುವ ಕೆಲಸವಲ್ಲವೆಂದು ಗೌರವ್ವ ಹೂಂ ಅಂದಳು. ಸೂಜಿ ಆಡುತ್ತಿದ್ದಾಗ ಶಂಕ್ರವ್ವ ತಾನಾಗಿಯೇ, "ನಿಮ್ಮವ್ವ ಆರಾಮ ಅದಾಳ ಮಗಳ, ಎದ್ದು ಅಡ್ಡ್ಯಾಡಾಕತ್ತಾಳ," ಅಂದಳು. ಸಾವಂತ್ರೆವ್ವ ಆ ದಿನ ಬಾವಿಯಿಂದ ಎರಡು ಕೊಡ ಹೆಚ್ಚಿಗೆ ನೀರು ತಂದಳು.

ಮುಂದಿನ ಸಲ ಹಚ್ಚೆ ತಾನಾಗಿ ಮಾಸಲಿಲ್ಲ. ಹಚ್ಚೆ ಒಣಗಿ ಹಕ್ಕಳೆ ಕಟ್ಟುತ್ತದಲ್ಲ, ಅದು ತಾನಾಗಿ ಉದುರುವ ಮೊದಲೇ ಕಿತ್ತರೆ ಒಳಗಿನ ಕಪ್ಪೂ ಕಿತ್ತು ಬರುತ್ತದೆ. ಸಾವಂತ್ರೆವ್ವ ಹಿತ್ತಲಲ್ಲಿ ಭಾಂಡೆ ತಿಕ್ಕುವಾಗ ಬೂದಿಗೈಯಿಂದಲೇ ಹಕ್ಕಳೆ ಕೀಳತೊಡಗಿದಳು. ಉರಿಯುತ್ತಿತ್ತು. ತುಟಿ ಕಚ್ಚಿ ತಿಕ್ಕುತ್ತಿದ್ದಳು.

"ಏನ ಶಂಕ್ರವ್ವ, ಮೊನ್ನೆರ ಬಂದ ಹೋದಿ, ಮತ್ತ ಬಂದಿ?" ಗೌರವ್ವ ಕಟ್ಟೆಯ ಮೇಲೆ ಹೆಸರುಕಾಳು ಹಸನು ಮಾಡುತ್ತ ಕೇಳಿದಳು. "ನಿನ್ನ ಕಾಡಿಗ್ಯಾಗ ಏನ ಬೆರಸ್ತಿ? ಇದ್ದಲಿ ನೀರೇನ?"

"ದೀಪದ ಕಾಡಿಗೀನ್ರಿ ಯವ್ವಾರ. ಗರಗದ ಸೊಪ್ಪಿನ ರಸಾ ಹಾಕೇನಿ. ತೊಗಲ ಎಳೀದು, ಹಿಡೀವಲ್ದು."

"ಊರ ಮಂದಿ ತೊಗಲೆಲ್ಲಾ ಹಿಡೀತೈತಿ, ಇಕೀದೊಂದ ಹಿಡಿಯೂದಿಲ್ಲಾ? ಅದೂ ಬ್ಯಾರೇ ಯಾವ್ದೂ ಅಲ್ಲ, ತೊಟ್ಟಿಲಾನ ಅಳಿಸಿ ಹೊಕ್ಕೈತಿ." ಗೌರವ್ವ ಸೊಸೆಯ ಹೊಟ್ಟೆಯ ಕಡೆ ಒಮ್ಮೆ ನೋಡಿ ಕಾಳಿನಲ್ಲಿ ಕೈಯಾಡಿಸಿದಳು.

ಸಾವಂತ್ರೆವ್ವ ಮುಖ ತಿರುಗಿಸಿದಳು. ಶಂಕ್ರವ್ವ ಮಾತ್ರ ಆ ಮುಂಗೈ ಹಿಡಿದು, ಹರಿದ ತೊಗಲಿನ ಮೇಲೆ ಹೆಬ್ಬೆರಳು ಸವರಿ, ಅವಳ ಕಣ್ಣನ್ನೊಮ್ಮೆ ನೋಡಿದಳು. ಆಮೇಲೆ ಸೂಜಿ ಅದ್ದಿದಳು.

ಆ ಸಂಜೆ ಗೌರವ್ವ ಗಂಡನಿಗೆ ಬಡಿಸುತ್ತ ಸುರು ಮಾಡಿದಳು. "ನೋಡ್ರಿ, ಆ ಹೆಂಗಸು ಕಣಗಲಾದ ಕಡಿಂದ ಬರ್ತಾಳ. ಬರೇಗೈಲೆ ಬಂದು ಬರೇಗೈಲೆ ಹೋಗ್ತಾಳಂತ ನನಗ ಅನಸೂದಿಲ್ಲ."

ದುಂಡಪ್ಪ ಬೆಲ್ಲದ ವ್ಯಾಪಾರಿ. ಪೇಟೆಯಲ್ಲಿ ಎಷ್ಟು ಮಾತಾಡುತ್ತಿದ್ದನೋ ಮನೆಯಲ್ಲಿ ಅಷ್ಟು ಕಡಿಮೆ. "ಅಕೀ ಬುಟ್ಟ್ಯಾಗ ಸೂಜಿ ಬಿಟ್ರ ಏನೈತಿ?" ಅಂದ.

"ಬುಟ್ಟಿ ತಳಾ ನೀವು ನೋಡೀರೇನ?"

"ನೀ ನೋಡಿದೇನ?"

"ನೋಡಾಕ ಕೊಡೂದಿಲ್ಲ, ಅದಕ್ಕ ಸಂಶೆ."

"ನೀ ಕೇಳಿಯೇ ಇಲ್ಲ. ಸಾರ ಹಾಕು."

ಮರುದಿನದಿಂದ ಹಿಟ್ಟಿನ ಡಬ್ಬಿಯಲ್ಲಿ, ಜೋಳ ತುಂಬಿಡುವ ವಾಡೆಯಲ್ಲಿ, ಗೌರವ್ವನ ಬೆರಳ ಗುರುತುಗಳು ಕಾಣಿಸಿಕೊಂಡವು. ಹಿಟ್ಟನ್ನು ಸಮ ಮಾಡಿ ಮೇಲೆ ಕೋಳಿ ಹೆಜ್ಜೆಯಂತೆ ಗೆರೆ ಎಳೆದಿಡುವಳು. ಸಾವಂತ್ರೆವ್ವ ರೊಟ್ಟಿಗೆ ಕೂಡುವ ಮುಂಚೆ ಕೂಗಬೇಕು, "ಅತ್ತೀ, ಹಿಟ್ಟು ತಗೀಲೇನ್ರಿ?" ಗೌರವ್ವ ಬಂದು ಗುರುತು ನೋಡಿ, ತಾನೇ ತೆಗೆದುಕೊಟ್ಟು, ಮತ್ತೆ ಗೆರೆ ಎಳೆದು ಹೋಗುವಳು.

ಸಾವಂತ್ರೆವ್ವನ ಗಂಡ ಅಣ್ಣಪ್ಪ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ನೂಲಿನ ಖಾತೆಗೆ ಇದ್ದ. ರವಿವಾರ ಬರುತ್ತಿದ್ದ. ಬಂದವನಿಗೆ ತಾಯಿ ಏನು ಹೇಳಿದಳೋ, ಹಿತ್ತಲಿಗೆ ಬಂದು ಕೈ ತೊಳೆಯುವ ನೆವದಲ್ಲಿ ನಿಂತ.

"ಯವ್ವ ಅಂತಾಳ, ನೀ ತವರಿಗಿ ಜ್ವಾಳಾ ಕಳಸ್ತಿ ಅಂತ. ಖರೆ ಏನ?"

"ಹಿಟ್ಟಿನ ಮ್ಯಾಲ ಗುರ್ತಾ ಅದಾವು. ಹೋಗಿ ನೋಡ್ರಿ."

"ಸಿಟ್ಟಾಗಬ್ಯಾಡ. ಕೇಳಿದ್ನಿ ಅಷ್ಟ."

"ಒಂದಿನಾ ನನ್ನ ಕಣಗಲಾಕ ಬಿಟ್ಟ ಬರ್ರಿ. ಅವ್ವನ್ನ ನೋಡಿ ಮರದಿನಾ ಬರ್ತೇನಿ."

ಅಣ್ಣಪ್ಪ ಕೈ ಒರೆಸಿಕೊಂಡ. "ಯವ್ವನ್ನ ಕೇಳ."

"ನೀವು ಕೇಳ್ರಿ. ನಿಮ್ಮವ್ವ ಅಲ್ಲೇನ?"

"ಮುಂದಿನ ರವಿವಾರ ಕೇಳ್ತೇನಿ," ಎಂದು ಒಳಗೆ ಹೋದ. ಮುಂದಿನ ರವಿವಾರ ಅವನಿಗೆ ಗಿರಣಿಯಲ್ಲಿ ಜಾಸ್ತಿ ಪಾಳಿ ಬಿತ್ತು.

ಶೀಗಿ ಹುಣ್ಣಿಮೆ ಮುಗಿದ ಮೇಲೆ ಶಂಕ್ರವ್ವ ಮತ್ತೆ ಬಂದಳು. ಈ ಸಲ ಸಾವಂತ್ರೆವ್ವನಿಗೆ ಅವಳ ಮಾತು ಕೇಳುತ್ತ ಕೇಳುತ್ತ ಏನೋ ಕಿರಿಕಿರಿ ಅನ್ನಿಸಿತು. ಅವ್ವ ಸಂಕೇಶ್ವರದ ಸಂತೆಗೆ ನಡೆದು ಹೋಗಿದ್ದಳಂತೆ. ಅವ್ವ ಮಜ್ಜಿಗೆ ಕಡೆದು ಓಣಿಗೆಲ್ಲ ಹಂಚಿದಳಂತೆ. ಅವ್ವ ನಕ್ಕಳಂತೆ, ಅವ್ವ ಹಾಡಿದಳಂತೆ. ಹೊಟ್ಟೆ ಬೇನೆಯಿಂದ ಎದ್ದವಳು ಇಷ್ಟೆಲ್ಲ ಮಾಡುತ್ತಾಳೆಯೇ? ಅತ್ತೆ ಒಳಗೆ ಹೋದ ಹೊತ್ತು ನೋಡಿ ಅವಳು ಮೆಲ್ಲಗೆ ಕೇಳಿದಳು.

"ಶೀಗಿ ಹುಣ್ಣಿಮಿಗೆ ಅವ್ವ ಹೊಲಕ್ಕ ಚರಗಾ ಚೆಲ್ಲಾಕ ಹೋಗಿದ್ದಳೇನ?"

"ಹೋಗಿದ್ದಳಲ್ಲ! ಬುಟ್ಟಿ ತುಂಬ ಕಡಬ ಮಾಡಿ ಒಯ್ದಿದ್ದಳು. ನನಗೂ ಕೊಟ್ಳು ಮಗಳ. ಭಾಳ ರುಚಿ ಇದ್ದವು."

ಸಾವಂತ್ರೆವ್ವ ಚುಚ್ಚಿಸಿಕೊಳ್ಳುತ್ತಿದ್ದ ಕೈ ಹಿಂದಕ್ಕೆಳೆದುಕೊಂಡಳು. ಅವಳ ಅಪ್ಪ ಹಾವು ಕಡಿದು ಸತ್ತದ್ದು ಶೀಗಿ ಹುಣ್ಣಿಮೆಯ ದಿನ, ಅದೇ ಹೊಲದಲ್ಲಿ, ಭೂತಾಯಿಗೆ ಚೆಲ್ಲುವ ಚರಗದ ಬುಟ್ಟಿ ಬದುವಿನ ಮೇಲಿರುವಾಗಲೇ. ಅಂದಿನಿಂದ ಅವ್ವ ಆ ದಿನ ಒಲೆಯ ಮೇಲೆ ಕಡಬಿನ ಪಾತ್ರೆಯನ್ನೇ ಇಟ್ಟವಳಲ್ಲ.

ಹಾಗಾದರೆ ಈ ಹೆಂಗಸು ಕಣಗಲೆಗೆ ಹೋಗುತ್ತಾಳೋ ಇಲ್ಲವೋ? ಅಥವಾ ಅತ್ತೆ ಅನ್ನುವಂತೆ ಒಂದು ಹೊತ್ತಿನ ರೊಟ್ಟಿಗಾಗಿ ಸುದ್ದಿ ಹೊಸೆದುಕೊಂಡು ಬರುತ್ತಾಳೋ? ಕಟ್ಟೆಯ ಮೇಲೆ ಕುಳಿತವಳಿಗೆ ಬಡಿಸುವಾಗ ಸಾವಂತ್ರೆವ್ವ ಮೊದಲ ಸಲ ಅವಳ ಬುಟ್ಟಿಯ ತಳದ ಕಡೆ ಇಣುಕಿ ನೋಡಿದಳು. ಇಣುಕಿದ್ದನ್ನು ಶಂಕ್ರವ್ವ ಕಂಡಳು. ತುತ್ತು ಅರ್ಧಕ್ಕೆ ನಿಲ್ಲಿಸಿ, ಬುಟ್ಟಿಯನ್ನು ಅವಳ ಕಡೆಗೇ ಸರಿಸಿ, ಮತ್ತೆ ಉಣ್ಣತೊಡಗಿದಳು. ಬುಟ್ಟಿಯಲ್ಲಿ ಸೂಜಿ, ಕಾಡಿಗೆಯ ಕರಟ, ಒಂದು ಹಳೆಯ ಬಟ್ಟೆ.

ಅಂದಿನಿಂದ ಸಾವಂತ್ರೆವ್ವನಿಗೆ ಊಟ ಸೇರಲಿಲ್ಲ. ಸುಳ್ಳು ಹೇಳುವವಳು ಯಾವ ಖರೆಯನ್ನು ಮುಚ್ಚುತ್ತಿದ್ದಾಳೆ? ಮುಂದಿನ ಸಲ ಹಿಡಿದು ಕೇಳಿಯೇ ಬಿಡಬೇಕೆಂದು ಅವಳು ಹಕ್ಕಳೆಯನ್ನು ಇನ್ನೂ ಬೇಗ ಕಿತ್ತಳು. ರಕ್ತ ಬೂದಿಯಲ್ಲಿ ಬಿದ್ದದ್ದೂ ಗೊತ್ತಾಗಲಿಲ್ಲ, ಹಿಂದೆ ಅತ್ತೆ ಬಂದು ನಿಂತದ್ದೂ ಗೊತ್ತಾಗಲಿಲ್ಲ.

"ಹಾಂ! ತೊಗಲ ಹಿಡೀವಲ್ದಾ?" ಗೌರವ್ವ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. "ಇಲ್ಲೆ ಬರ್ರಿ, ನೋಡ ಬರ್ರಿ! ನಿಮ್ಮ ಸೊಸಿ ತನ್ನ ಕೈ ತಾನ ಕೆರಕೋತಾಳ! ಇಷ್ಟ ದಿನಾ ನನಗ ಹುಚ್ಚಿ ಅಂದ್ರಿ!"

ದುಂಡಪ್ಪ ಲೋಟ ಹಿಡಿದುಕೊಂಡೇ ಹಿತ್ತಲಿಗೆ ಬಂದ. ಸೊಸೆಯ ಕೈ ನೋಡಿದ. "ಯಾಕವಾ?" ಅಂದ.

ಸಾವಂತ್ರೆವ್ವ ನೆಲ ನೋಡುತ್ತ ನಿಂತಳು. ಅವ್ವನ ಸುದ್ದಿಗಾಗಿ ಎಂದರೆ ಆ ದಾರಿಯೂ ಮುಚ್ಚುತ್ತದೆ. ಅನ್ನದಿದ್ದರೆ ಕಳ್ಳಿ ಎನ್ನುತ್ತಾರೆ.

"ಬಾಯಿ ಬಿಡವಲ್ಲಳು ನೋಡ್ರಿ! ಏನ ಕೊಟ್ಟ ಕಳಸ್ತಿ ಆ ಬುಟ್ಟ್ಯಾಗ? ಹೇಳ!"

"ಏನೂ ಕೊಟ್ಟಿಲ್ರಿ ಅತ್ತಿ. ಹಿಟ್ಟಿನ ಮ್ಯಾಲ ನಿಮ್ಮ ಬೆರಳ ಗುರ್ತಾ ಅದಾವಲ್ರಿ."

"ಗುರ್ತಾ ತಿದ್ದಾಕ ಬರೂದಿಲ್ಲೇನ? ಹಚ್ಚಿ ಅಳಸಾಕಿಗೆ ಹಿಟ್ಟಿನ ಗೆರಿ ಎಳಿಯೂದು ದೊಡ್ಡ ಮಾತಾ? ಇರ್ಲಿ. ಅಕೀ ಬರ್ಲಿ. ಕೂಲಿ ಅಳದ ಕೊಟ್ಟ ಕಳಸ್ತೇನಿ."

ದುಂಡಪ್ಪ ಬೆಚ್ಚಿದ. "ತಿದ್ದಿದ್ದಕ್ಕ ಕೂಲಿ ಕೊಡ್ತಿ? ಊರಾಗ ಯಾರಾರ ಕೊಟ್ಟಾರೇನ? ಅಕೀ ಮಾರಿಗಿ ಉಗುಳಿದಂಗ ಆಕ್ಕೈತಿ."

"ಆಗ್ಲಿ. ಜ್ವಾಳಾ ತುಟ್ಟಿ ಆಗ್ಯಾವು, ಗೊತ್ತೈತಿ. ಆದ್ರ ಈ ಬಾಗಲಾ ಬಂದ್ ಆಗೂದು ಅದಕ್ಕಿಂತ ಸೋವಿ."

ಸಾವಂತ್ರೆವ್ವ ಶಂಕ್ರವ್ವ ಬರದಿರಲಿ ಎಂದು ಬೇಡಿಕೊಂಡಳು. ಬೇಡಿಕೊಳ್ಳುತ್ತಲೇ ಓಣಿಯ ಕಡೆ ಕಿವಿಯಿಟ್ಟಳು.

ಅವಳು ಬಂದದ್ದು ದೀಪಾವಳಿಗೆ ಮನೆ ಸಾರಿಸುತ್ತಿದ್ದ ದಿನ. ಗೌರವ್ವ ಅವಳನ್ನು ಕಟ್ಟೆಯ ಮೇಲೆ ಕೂಡ್ರಿಸಿ, "ತಿದ್ದು," ಅಂದಳು, ಅಷ್ಟೆ. ಶಂಕ್ರವ್ವ ತಿದ್ದಿದಳು. ಇವತ್ತು ಅವಳ ಬಾಯಿಂದ ಸುದ್ದಿಯೂ ಬರಲಿಲ್ಲ, ಚುಚ್ಚುವಾಗ ನೋವು ಮರೆಸಲು ಹಾಡುವ ಹಾಡೂ ಬರಲಿಲ್ಲ. ಅರಿಷಿಣ ಒತ್ತಿ ಸೂಜಿ ಒರೆಸಿದ್ದೇ ತಡ, ಗೌರವ್ವ ಒಳಗಿನಿಂದ ಮೊರ ತಂದು ಅವಳ ಮುಂದೆ ಇಟ್ಟಳು. ಮೊರದ ತುಂಬ ಬಿಳಿಜೋಳ. ಮೇಲೆ ಕಣ. ಮೇಲೆ ಎಲೆ ಅಡಿಕೆ.

ಶಂಕ್ರವ್ವ ಕುಳಿತಲ್ಲಿಯೇ ಹಿಂದೆ ಸರಿದಳು. "ಇದ್ಯಾಕ್ರಿ ಯವ್ವಾರ? ತಿದ್ದಿದ್ದಕ್ಕ ತುತ್ತ ಅನ್ನಾ ಸಾಕಲ್ರಿ."

"ಅನ್ನಾ ಇಲ್ಲ. ಕೂಲಿ ತಗೋ. ತಗೊಂಡು ನಡಿ."

"ನನ್ನ ಕೈ ಅಷ್ಟ ಕೆಟ್ಟೈತ್ರೇನ?"

"ನಿನ್ನ ಕೈ ಕೆಟ್ಟೈತೋ, ಬುಟ್ಟಿ ಕೆಟ್ಟೈತೋ ನನಗ ಗೊತ್ತಿಲ್ಲ. ಬ್ಯಾಡಂದ್ರ ಹೇಳ, ಯಾಕ ಬ್ಯಾಡ ಅಂತನೂ ಹೇಳ. ಈ ಬರಗಾಲದಂಥಾ ದಿನದಾಗ ಮೊರ ತುಂಬ ಜ್ವಾಳಾ ಬಿಟ್ಟು ಒಂದ ರೊಟ್ಟಿ ಸಾಕನ್ನಾಕಿಗೆ ಇಲ್ಲಿ ಬ್ಯಾರೇ ಏನೋ ಲಾಭ ಐತಿ."

ಸಾವಂತ್ರೆವ್ವ ಶಂಕ್ರವ್ವನ ಮುಖವನ್ನೇ ನೋಡುತ್ತಿದ್ದಳು. ತಗೋಬ್ಯಾಡ, ತಗೋಬ್ಯಾಡ ಎಂದು ಅವಳ ಮೈಯೆಲ್ಲ ಕೂಗುತ್ತಿತ್ತು. ಶಂಕ್ರವ್ವ ಜೋಳ ನೋಡಿದಳು. ಒಂದು ಕಾಳು ಎತ್ತಿ ಹಲ್ಲಿನಲ್ಲಿ ಕಡಿದಳು. ಆಮೇಲೆ ಹಳೆಯ ಬಟ್ಟೆ ಬಿಚ್ಚಿ ಹಾಸಿ, ಮೊರವನ್ನು ಎತ್ತಿ ಅದರಲ್ಲಿ ಸುರಿದು, ಗಂಟು ಕಟ್ಟಿದಳು. ಗಂಟು ಬುಟ್ಟಿಯಲ್ಲಿಟ್ಟು ಎದ್ದು ನಿಂತಳು.

"ತಗೊಂಡ್ನಿರಿ ಯವ್ವಾರ. ಮುಗೀತು. ಉಣ್ಣೂ ಮನಿಗಿ ಕೆಟ್ಟ ಸುದ್ದಿ ಒಯ್ಯಬಾರದಂತ ನಮ್ಮ ಮಂದ್ಯಾಗ ಕಟ್ಟಳಿ ಐತಿ. ಅದಕ್ಕ ಇಷ್ಟ ದಿನಾ ಈ ಹುಡಿಗಿ ಮುಂದ ಸುಳ್ಳ ಹೇಳಿದ್ನಿ. ಇವತ್ತ ನೀವು ಕೂಲಿ ಕೊಟ್ರಿ, ಇದು ನಾ ಉಂಡ ಮನಿ ಅಲ್ಲ. ಇನ್ನ ಹೇಳ್ತೇನಿ." ಅವಳು ಸಾವಂತ್ರೆವ್ವನ ಕಡೆ ತಿರುಗಿದಳು. "ನಿಮ್ಮವ್ವ ಪಂಚಮಿಗಿ ಮಲಗಿದಾಕಿ ಎದ್ದಿಲ್ಲ ಮಗಳ. ಹೊಟ್ಟ್ಯಾಗ ಗಡ್ಡಿ ಐತಂತ. ಡಾಕ್ಟರ ಕೈ ಬಿಟ್ಟಾನ. ಮುದುಕಿಗೆ ತಿಳಿಸಿಲ್ಲ, ವಾಸಿ ಆಗ್ತೈತಂತ ತಿಳಕೊಂಡಾಳ. ನಿನ್ನ ಹೆಸರು ಬಾಯಾಗ ಐತಿ. ಹೋಗು."

ಸಾವಂತ್ರೆವ್ವ ಎದ್ದು, ಸಾರಿಸಲು ತಂದಿಟ್ಟಿದ್ದ ಸಗಣಿಯ ಬುಟ್ಟಿಯನ್ನು ಗೋಡೆಯ ಬದಿಗೆ ಸರಿಸಿದಳು. ಅಳಲಿಲ್ಲ. "ಅತ್ತಿ, ನಾ ಹೊಂಟೇನ್ರಿ," ಅಂದಳು. ಕೇಳಿದ್ದಲ್ಲ, ಹೇಳಿದ್ದು. ಆ ಮನೆಗೆ ಬಂದಾಗಿನಿಂದ ಅವಳು ಹಾಗೆ ಮಾತಾಡಿದ್ದು ಅದೇ ಮೊದಲು.

"ಎಲ್ಲಿಗೆ? ಇದೂ ನಿಮ್ಮಿಬ್ಬರ ಆಟ ಅಲ್ಲಂತ ನಾ ಹೆಂಗ ನಂಬ್ಲಿ?" ಗೌರವ್ವ ಬಾಗಿಲಿಗೆ ಅಡ್ಡ ನಿಂತಳು. "ಇಷ್ಟ ದಿನಾ ಸುಳ್ಳ ಹೇಳಿದ್ನಿ ಅಂತ ತಾನ ಒಪ್ಪಿದಾಕಿ, ಇವತ್ತ ಖರೆ ಹೇಳ್ತಾಳಾ?"

"ನಂಬಬ್ಯಾಡ್ರಿ. ನಾ ನಡಕೋಂತ ಹೊಕ್ಕೇನಿ."

ಪಡಸಾಲೆಯಿಂದ ದುಂಡಪ್ಪನ ದನಿ ಬಂತು. "ಯಾರೂ ನಡಿಯೂದು ಬ್ಯಾಡ. ಗಾಡಿ ಹೂಡಸ್ತೇನಿ."

ಗೌರವ್ವ ಗಂಡನನ್ನು ನೋಡಿದಳು, ಸೊಸೆಯನ್ನು ನೋಡಿದಳು, ಓಣಿಯಲ್ಲಿ ಗಂಟು ಹೊತ್ತು ಹೋಗುತ್ತಿದ್ದ ಶಂಕ್ರವ್ವನ ಬೆನ್ನು ನೋಡಿದಳು. ಸೆರಗು ಸೊಂಟಕ್ಕೆ ಬಿಗಿದಳು.

"ನಾನೂ ಬರ್ತೇನಿ. ಖರೆ ಐತೋ ಇಲ್ಲೋ ನನ್ನ ಕಣ್ಣಲೆ ನೋಡತೇನಿ. ಸುಳ್ಳಾಗಿರಬೇಕ, ಆಮ್ಯಾಲ ಐತಿ ನಿನಗ."

ಗಾಡಿಯಲ್ಲಿ ಘಟಪ್ರಭೆಯ ತನಕ, ಅಲ್ಲಿಂದ ಸಂಕೇಶ್ವರಕ್ಕೆ ಮೋಟಾರಿನಲ್ಲಿ, ಮತ್ತೆ ಯಾರದೋ ಗಾಡಿ ಹಿಡಿದು ಹೋಗುವ ದಾರಿಯಲ್ಲಿ ಅತ್ತೆ ಸೊಸೆ ಮಾತಾಡಿದ್ದು ಒಂದೇ ಸಲ. ಕಣಗಲೆಯ ಮನೆಗಳು ಕಾಣಿಸಿದಾಗ ಸಾವಂತ್ರೆವ್ವ ಅಂದಳು, "ಅವ್ವಗ ತಿಳಿಸಿಲ್ಲಂತ್ರಿ ಅತ್ತಿ. ಅಲ್ಲಿ ಏನೂ ಅನಬ್ಯಾಡ್ರಿ."

"ಬ್ಯಾನಿ ಖರೆ ಇದ್ರ ಅಲ್ಲೇನ ಅನ್ನೂದು?" ಅಂದಳು ಗೌರವ್ವ.

ಇತ್ತು. ಪಡಸಾಲೆಯ ಹೊರಸಿನ ಮೇಲೆ ಯಲ್ಲವ್ವ ಮಲಗಿದ್ದಳು. ಗೌರವ್ವ ಹೊಸ್ತಿಲಲ್ಲಿಯೇ ನಿಂತುಬಿಟ್ಟಳು. ಮದುವೆಯಲ್ಲಿ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಕೇಳುವಂತೆ ಮಾತಾಡಿದ್ದ ಹೆಂಗಸು ಇವಳೇ? ಮುಖದಲ್ಲಿ ಮೂಗು, ಕಣ್ಣು ಬಿಟ್ಟರೆ ಏನೂ ಉಳಿದಿರಲಿಲ್ಲ.

"ಸಾವಂತ್ರೀ! ಬಂದೆ ಮಗಳ!" ಯಲ್ಲವ್ವ ಮಗಳ ಮುಖ ಸವರಿದಳು, ನಕ್ಕಳು. "ನೋಡ, ನಾ ಅಂದಿದ್ನಿಲ್ಲ, ಹಬ್ಬಕ್ಕ ಕಳಸ್ತಾರ ಅಂತ. ಯಾರ ಜೋಡಿ ಬಂದಿ?"

ಆಗ ಅವಳಿಗೆ ಹೊಸ್ತಿಲಲ್ಲಿ ನಿಂತವಳು ಕಂಡಳು. ನಗು ಅಲ್ಲಿಯೇ ಉಳಿಯಿತು, ಕಣ್ಣು ಮಾತ್ರ ಗೌರವ್ವನಿಂದ ಮಗನ ಕಡೆಗೆ, ಮಗನಿಂದ ಮಗಳ ಕಡೆಗೆ ತಿರುಗಿತು.

"ರಾಜಪ್ಪ, ಡಾಕ್ಟರ ಏನಂದಾನ? ಖರೆ ಹೇಳ."

"ಏನಿಲ್ಲವಾ. ವಾಸಿ ಆಗ್ತೈತಿ ಅಂದಾನ."

"ವಾಸಿ ಆಗೂದಿದ್ರ ಇವರು ನನ್ನ ಮನಿಗಿ ಯಾಕ ಬರ್ತಾರ? ಪಂಚಮಿಗಿ ನಿನ್ನ ಅಂಗಳದಾಗಿಂದನ ಹೊಳ್ಳಿ ಕಳಿಸಿದವರು, ಹಬ್ಬದ ಕೆಲಸಾ ಬಿಟ್ಟು ಯಾಕ ಬರ್ತಾರ?"

ರಾಜಪ್ಪ ತಾಯಿಯ ಕಾಲ ಮೇಲಿನ ಕೌದಿ ಸರಿಪಡಿಸಿದ. ಅತ್ತೆಯನ್ನು ಯಾಕಾದರೂ ಬರಗೊಟ್ಟೆನೋ ಎಂದು ಸಾವಂತ್ರೆವ್ವ ಹಳಹಳಿಸಿದಳು.

ಗೌರವ್ವ ಒಳಗೆ ಬಂದಳು. ಹೊರಸಿನ ಎದುರು, ಕಂಬಕ್ಕೆ ಬೆನ್ನು ಕೊಟ್ಟು ಧಪ್ಪನೆ ಕುಳಿತಳು.

"ಏನ ತಿಳಕೊಂಡ್ರಿ ನೀವು? ನಿಮ್ಮನ್ನ ನೋಡಾಕ ಬಂದೇನಿ ಅಂತಾ? ಭಾಳ ಆಶಾ ನಿಮಗ! ನಾ ಬಂದದ್ದು ಜ್ವಾಳದ ಸಲುವಾಗಿ."

"ಯಾವ ಜ್ವಾಳಾ?"

"ನಿಮ್ಮ ಮಗಳ ಹಚ್ಚಿದು. ಹಿಡೀಲಾರದ ತೊಗಲಿನ ಹುಡಿಗೀನ್ನ ಕೊಟ್ಟೀರಿ. ಶಂಕ್ರವ್ವ ತಿದ್ದೇ ತಿದ್ದಿದಳು. ಇವತ್ತ ಮೊರದ ತುಂಬ ಬಿಳಿಜ್ವಾಳಾ ಅಳದ ಕೊಟ್ಟ ಕಳಿಸೇನಿ, ಮ್ಯಾಲ ಕಣಾ. ಹಚ್ಚಿ ಕೂಲಿ ಯಾರದು? ತವರಿನವರದು. ವಸೂಲ ಮಾಡಾಕ ಬಂದೇನಿ. ಕೊಡ್ರಿ."

ಸಾವಂತ್ರೆವ್ವ ಅತ್ತೆಯ ಕಡೆ ನೋಡಿದಳು. ಗೌರವ್ವ ಅವಳ ಕಡೆ ನೋಡಲಿಲ್ಲ.

ಯಲ್ಲವ್ವನ ಮುಖಕ್ಕೆ ಎಲ್ಲಿಂದಲೋ ರಕ್ತ ಬಂತು. "ತಿದ್ದಿದ್ದಕ್ಕ ಕೂಲಿ ಕೊಟ್ರ್ಯಾ? ಎಲ್ಲಿ ರೀತಿರೀ ಇದು? ತಿದ್ದಿದ್ದಕ್ಕ ಒಂದ ಹೊತ್ತಿನ ಊಟ, ಅಷ್ಟ! ನೀವು ತಿಳೀಲಾರದ ಕೊಟ್ರ ಅದಕ್ಕ ನಾ ಹೊಣಿ ಏನ?"

"ನಿಮ್ಮ ಊರ ರೀತಿ ನಮಗ ಗೊತ್ತಿಲ್ಲ. ಜ್ವಾಳಾ ಹೋಗೈತಿ, ಜ್ವಾಳಾ ಬರಬೇಕು."

"ಯಾರ ಮುಂದ ಬೇಕಾರೂ ಕೇಳ್ರಿ! ಪಂಚರನ್ನ ಕರಸ್ತೇನಿ! ಏ ರಾಜಪ್ಪ, ನನ್ನ ಎಬ್ಬಿಸಿ ಕುಂದರಸ. ಮಕ್ಕೊಂಡು ಇವರ ಜೋಡಿ ಮಾತಾಡಾಕ ಆಗೂದಿಲ್ಲ."

ರಾಜಪ್ಪ ತಾಯಿಯ ಬೆನ್ನಿಗೆ ದಿಂಬು ಕೊಟ್ಟು ಕೂಡ್ರಿಸಿದ. ಸಾವಂತ್ರೆವ್ವ ಎದ್ದು ಅಡಿಗೆ ಮನೆಗೆ ಹೋಗಿ ಒಲೆ ಹೊತ್ತಿಸಿದಳು. ಹಿಟ್ಟು ನಾದುವಾಗ ತಿದ್ದಿದ ಕೈ ಉರಿಯುತ್ತಿತ್ತು. ಹೊರಗೆ ಎರಡೂ ದನಿಗಳು ಒಂದರ ಮೇಲೊಂದು ಏರುತ್ತಿದ್ದವು.

"ಅರ್ಧಾ ಮೊರ ಆದ್ರೂ ಕೊಡ್ತೀರೋ ಇಲ್ಲೋ?"

"ಒಂದ ಕಾಳ ಕೊಡೂದಿಲ್ಲ!"

"ಹಂಗಾದ್ರ ಕೇಳ್ರಿಲ್ಲಿ. ನೀವು ಎದ್ದು, ವಾಡೇಕ ಹೋಗಿ, ನಿಮ್ಮ ಕೈಯಾರೆ ಅಳದ ಕೊಡೂತನಕಾ ನಾ ಇಲ್ಲಿಂದ ಏಳಾಕಿ ಅಲ್ಲ."

ಸಾವಂತ್ರೆವ್ವ ಮೊದಲ ರೊಟ್ಟಿ ಹಂಚಿಗೆ ಹಾಕಿದಳು. ಆಮೇಲೆ ಅವ್ವನ ದನಿ ಬಂತು. ಏದುಸಿರಿತ್ತು, ಆದರೆ ಗೆದ್ದವಳ ದನಿ.

"ಕುಂದರ್ರಿ. ಭಾಳ ದಿನಾ ಕುಂದರಬೇಕಾಕ್ಕೈತ್ರಿ."